ಬಾಣಂತನದಲ್ಲಿ ಏನೂ ಕಡಿಮೆ ಮಾಡಿಲ್ಲ, ಆದರೂ ಮಗಳು ಅಳುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ 27 ವರ್ಷ, ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಮೊದಲ ಹೆರಿಗೆ; ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿದೆ. ಒಂಬತ್ತು ವಾರಗಳಿಂದ ಹಾಸನದ ಹತ್ತಿರದ ನಮ್ಮ ಮನೆಯಲ್ಲಿ ಬಾಣಂತನ ನಡೆಯುತ್ತಿದೆ. ಎಣ್ಣೆನೀರು, ಸಾಂಬ್ರಾಣಿ, ಕಷಾಯ, ಪಥ್ಯ, ಲೇಹ್ಯ, ಯಾವುದಕ್ಕೂ ಕಡಿಮೆ ಮಾಡಿಲ್ಲ. ಮಗುವನ್ನು ಎರೆಯಲು ಊರಿನ ಅಜ್ಜಿಯೊಬ್ಬರು ಬರುತ್ತಾರೆ. ಹಾಲು ಕುಡಿಸುವುದು ಬಿಟ್ಟರೆ ಮಗಳಿಗೆ ಒಂದು ಕೆಲಸವೂ ಇಲ್ಲ. ಆದರೂ ಒಂದು ತಿಂಗಳಿಂದ ಸುಮ್ಮಸುಮ್ಮನೆ ಅಳುತ್ತಾಳೆ. ಮಗು ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ. ‘ಇವಳಿಗೆ ಬೇರೆ ತಾಯಿ ಸಿಗಬೇಕಿತ್ತಮ್ಮ’ ಅನ್ನುತ್ತಾಳೆ. ಹೋದ ವಾರ, ‘ಈಳಿಗೆಮಣೆ ನನ್ನ ಕಣ್ಣಿಗೆ ಬೀಳದ ಹಾಗೆ ಎತ್ತಿಡು, ಮಗುಗೆ ಏನಾದರೂ ಮಾಡಿಬಿಡ್ತೀನೇನೋ ಅನ್ನೋ ಯೋಚನೆ ಬರತ್ತೆ’ ಎಂದು ನಡುಗಿದಳು. ತೊಟ್ಟಿಲು ಶಾಸ್ತ್ರಕ್ಕೆ ಬಂದಿದ್ದ ಹಿರಿಯರೊಬ್ಬರಿಗೆ ತಿಳಿಸಿದಾಗ ಬಾಣಂತಿ ಸನ್ನಿ ಎಂದರು, ತಾಯತ ಕಟ್ಟಿಸಿದೆವು. ಹೆರಿಗೆ ಮಾಡಿಸಿದ ಡಾಕ್ಟರು ಮನೋವೈದ್ಯರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಗುಳಿಗೆ ಶುರು ಮಾಡಿದರೆ ಹಾಲು ಬಿಡಿಸಬೇಕೇ? ಅಳಿಯ ಭಾನುವಾರ ಬಂದು ಹೋಗುತ್ತಾರೆ. ಅವರಿಗಾಗಲಿ ಬೀಗರಿಗಾಗಲಿ ಏನೂ ಹೇಳಿಲ್ಲ. ಐದನೇ ತಿಂಗಳಿಗೆ ಕರೆದುಕೊಂಡು ಹೋಗಲು ಅವರು ದಿನ ನೋಡಿದ್ದಾರೆ. ನನ್ನಿಂದ ಎಲ್ಲಿ ತಪ್ಪಾಯಿತು?

ಉತ್ತರ: ಇದು ಕಾಯಿಲೆಯೇ, ಗುಳಿಗೆ ನುಂಗಿದರೆ ಹಾಲಿನ ಗತಿ ಏನು, ಬೀಗರಿಗೆ ಹೇಳಬೇಕೇ ಎಂದು ನೀವು ಕೇಳಿದ್ದೀರಿ. ಆದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಕೊನೆಯ ಸಾಲಿನಲ್ಲಿರುವ ಪ್ರಶ್ನೆ ಎಂದು ನನಗೆ ತೋರುತ್ತದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಕೆಲಸವೊಂದಿದೆ. ಮಗುವನ್ನು ಬೇರೆಯವರ ಕೈಗೆ ಕೊಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿ, ಮಗಳ ಪಕ್ಕದಲ್ಲಿ ಕುಳಿತು, ‘ಸಾಯಬೇಕು ಅನ್ನಿಸುತ್ತದೆಯಾ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ, ಕೇಳಿಸಿಕೊಂಡವರು ಹೆಚ್ಚಾಗಿ ನಿಟ್ಟುಸಿರು ಬಿಟ್ಟು ಮಾತು ಶುರು ಮಾಡುತ್ತಾರೆ. ‘ಬೇರೆ ತಾಯಿ ಸಿಗಬೇಕಿತ್ತು’ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವಳು ಹೌದು ಎಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತೋಟಕ್ಕೆ ಹೊಡೆಯುವ ಔಷಧಿಯೇನಾದರೂ ಮನೆಯಲ್ಲಿದ್ದರೆ ಬೇರೆ ಕಡೆಗೆ ಸಾಗಿಸಿ. ರಾತ್ರಿ ಹೊತ್ತು ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರ್ಕಾರಿ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಕಾಯಿಲೆಯ ವಿಚಾರ. ನಮ್ಮಲ್ಲಿ ಹೆರಿಗೆಯ ನಂತರ ಹೆಂಗಸು ಅತ್ತರೂ, ರೇಗಿದರೂ, ಏನೇನೋ ಮಾತನಾಡಿದರೂ ಎಲ್ಲಕ್ಕೂ ‘ಬಾಣಂತಿ ಸನ್ನಿ’ ಎಂಬ ಒಂದೇ ಹೆಸರು. ವೈದ್ಯರ ಲೆಕ್ಕದಲ್ಲಿ ಇಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ, ಮೂರರ ದಾರಿಯೂ ಬೇರೆ. ಹೆರಿಗೆಯಾದ ಮೂರನೇ ದಿನದಿಂದ ಐದನೇ ದಿನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ತಾನಾಗಿ ಇಳಿದುಹೋಗುವ ಇದಕ್ಕೆ ಔಷಧಿ ಬೇಕಿಲ್ಲ. ಎರಡು ವಾರ ದಾಟಿದರೂ ಇಳಿಯದೆ, ಅಥವಾ ಒಂದೆರಡು ತಿಂಗಳ ಮೇಲೆ ಹೊಸದಾಗಿ ಕಾಣಿಸಿಕೊಂಡು, ನಿದ್ದೆ, ಹಸಿವು, ಆಸಕ್ತಿ, ತನ್ನ ಮೇಲಿನ ನಂಬಿಕೆ ಎಲ್ಲವನ್ನೂ ತಿನ್ನುತ್ತಾ ಹೋಗುವುದು ಬಾಣಂತಿಯರ ಖಿನ್ನತೆ. ಮೂರನೆಯದೇ ನಿಜವಾದ ಗಂಡಾಂತರ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ, ತಾಯಿ ರಾತ್ರಿಯಿಡೀ ಮಲಗದಿದ್ದರೂ ಆಯಾಸವಿಲ್ಲದಂತೆ ಓಡಾಡುವುದು, ಯಾರೂ ಇಲ್ಲದ ಕಡೆ ಧ್ವನಿ ಕೇಳಿಸುವುದು, ಈ ಮಗು ನನ್ನದಲ್ಲ, ಇದರಲ್ಲಿ ದೇವರೋ ದೆವ್ವವೋ ಸೇರಿದೆ ಎಂದು ಗಟ್ಟಿಯಾಗಿ ನಂಬುವುದು ಶುರುವಾಗುತ್ತದೆ. ಆಗ ತಾಯಿ ಮಗು ಇಬ್ಬರನ್ನೇ ಒಂಟಿಯಾಗಿ ಬಿಡದೆ, ತಾಯಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಸನ್ನಿ ಎಂಬ ಹೆಸರು ಸನ್ನಿಪಾತ ಜ್ವರದಿಂದ ಬಂದದ್ದು. ಹೆರಿಗೆಯ ನಂಜು ಏರಿ, ಜ್ವರದ ತಾಪದಲ್ಲಿ ಬಾಣಂತಿಯರು ಬಡಬಡಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಇಂದಿಗೂ ಜ್ವರದ ಜೊತೆಗೆ ಗೊಂದಲದ ಮಾತು ಬಂದರೆ ಮೊದಲು ನಂಜನ್ನೇ ಹುಡುಕಬೇಕು.

ಪತ್ರ ಓದಿ ಕಾಯಿಲೆಯನ್ನು ತೀರ್ಮಾನಿಸಲು ಬರುವುದಿಲ್ಲವಾದರೂ ನೀವು ಬರೆದಿರುವುದೆಲ್ಲ ಎರಡನೆಯದರ ಕಡೆಗೆ, ಅಂದರೆ ಆತಂಕ ಬೆರೆತ ಖಿನ್ನತೆಯ ಕಡೆಗೆ, ಬೊಟ್ಟು ಮಾಡುತ್ತದೆ. ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿರುವುದು ಇದರ ನಂಬಬಹುದಾದ ಗುರುತುಗಳಲ್ಲೊಂದು. ಇದು ಅಪರೂಪದ್ದಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ನಮ್ಮ ದೇಶದಲ್ಲಿ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದು ಬರುತ್ತದೆ. ನಿಮ್ಮ ಬೀದಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ ಅದರಲ್ಲಿ ಒಂದು ಮನೆಯ ಮಾತು.

ಈಳಿಗೆಮಣೆಯ ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇದೊಂದರಿಂದಲೇ ಮನೆಗಳು ಕಂಗಾಲಾಗುತ್ತವೆ. ಕೈತಪ್ಪಿ ಮಗುವನ್ನು ಬೀಳಿಸಿದಂತೆ, ಬಿಸಿನೀರು ಸುರಿದಂತೆ, ಚಾಕು ತಾಗಿಸಿದಂತೆ ಬೇಡವಾದ ಚಿತ್ರಗಳು ಹೊಸ ತಾಯಂದಿರ ಮನಸ್ಸಿನಲ್ಲಿ ಮಿಂಚಿ ಹೋಗುವುದು ತೀರ ಸಾಮಾನ್ಯ. ಆರೋಗ್ಯವಾಗಿರುವ ತಾಯಂದಿರಲ್ಲೂ ಇದುಂಟು. ಅವರು ಯಾರಿಗೂ ಹೇಳುವುದಿಲ್ಲ, ಅಷ್ಟೇ. ಖಿನ್ನತೆ ಮತ್ತು ಆತಂಕ ಇದ್ದಾಗ ಆ ಚಿತ್ರ ಮಿಂಚಿ ಹೋಗದೆ ಅಲ್ಲಿಯೇ ಅಂಟಿಕೊಳ್ಳುತ್ತದೆ, ಪದೇ ಪದೇ ಬರುತ್ತದೆ, ‘ಇಂಥ ಯೋಚನೆ ಬಂದ ನಾನು ಎಂಥವಳು’ ಎಂಬ ಇನ್ನೊಂದು ಸಂಕಟವನ್ನು ಎಳೆದು ತರುತ್ತದೆ. ನಿಮ್ಮ ಮಗಳು ಆ ಯೋಚನೆಗೆ ಹೆದರಿ ನಡುಗಿದ್ದಾಳೆ, ಈಳಿಗೆಮಣೆಯನ್ನು ತಾನಾಗಿಯೇ ದೂರ ಇಡಿಸಿದ್ದಾಳೆ, ನಿಮ್ಮ ಮುಂದೆ ಬಾಯಿಬಿಟ್ಟು ಹೇಳಿದ್ದಾಳೆ. ಇವೆಲ್ಲ ಮಗುವನ್ನು ಕಾಯುತ್ತಿರುವ ತಾಯಿಯ ಲಕ್ಷಣಗಳು. ಇಂಥ ಯೋಚನೆ ಬಂದು ಹೆದರುವವರು ಅದರಂತೆ ನಡೆದುಕೊಳ್ಳುವುದು ಬಹಳ ಬಹಳ ಅಪರೂಪ. ಮೇಲೆ ಹೇಳಿದ ಮೂರನೆಯ ಸ್ಥಿತಿಯಲ್ಲಿ ಹಾಗಲ್ಲ. ಅಲ್ಲಿ ಹೆದರಿಕೆ ಇರುವುದಿಲ್ಲ, ಮಗುವಿಗೆ ಹೀಗೆ ಮಾಡುವುದೇ ಸರಿ ಎಂಬ ವಿಚಿತ್ರ ಖಾತರಿ ಇರುತ್ತದೆ. ಈ ಎರಡನ್ನು ಬೇರ್ಪಡಿಸುವುದು ಎದುರು ಕುಳಿತು ಮಾತನಾಡಿದ ವೈದ್ಯರ ಕೆಲಸ, ಆದ್ದರಿಂದಲೇ ಆ ಚೀಟಿ ಮುಖ್ಯ. ಅಲ್ಲಿಯವರೆಗೆ ಅವಳ ಜೊತೆ ಒಬ್ಬರು ಇರಲಿ, ಆದರೆ ‘ಕಾವಲು’ ಎಂದು ಅವಳಿಗೆ ಅನ್ನಿಸುವಂತೆ ಬೇಡ, ಮಗುವನ್ನು ಕಸಿದುಕೊಂಡು ಬೇರೆ ಕೋಣೆಯಲ್ಲಿ ಇಡುವುದಂತೂ ಬೇಡ.

ಕಾರಣಗಳು ಹಲವು, ಒಂದನ್ನೇ ಹಿಡಿದು ದೂರಲಾಗದು. ಬಸುರಿನಲ್ಲಿ ಮೇಲೇರಿದ್ದ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಕೆಳಗೆ ಬೀಳುತ್ತವೆ. ಕೆಲವರ ಮಿದುಳು ಈ ಕುಸಿತವನ್ನು ತಾಳಿಕೊಳ್ಳುವುದಿಲ್ಲ. ಹಿಂದೆ ಖಿನ್ನತೆ ಬಂದಿದ್ದವರಿಗೆ, ಬಸುರಿನಲ್ಲೇ ತುಂಬಾ ಆತಂಕ ಪಟ್ಟವರಿಗೆ ಅಪಾಯ ಹೆಚ್ಚು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇದೇ ಬಗೆಯ ಸುಸ್ತು, ಬೇಸರ, ಎದೆಬಡಿತ ಕಾಣಿಸುತ್ತದೆ. ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುವಾಗ, ಸಿಸೇರಿಯನ್ ಆದವರ ಹಿಮೋಗ್ಲೋಬಿನ್ ನೋಡದೆ ಮನಸ್ಸಿನ ಮಾತು ಆಡಬಾರದು. ಈ ಎರಡು ರಕ್ತಪರೀಕ್ಷೆಗಳನ್ನು ತಪ್ಪದೆ ಮಾಡಿಸಿ.

ಮನೆಯೊಳಗಿನ ಕಾರಣಗಳೂ ಇವೆ. ಗೋವಾದ ಆಸ್ಪತ್ರೆಯೊಂದರಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಡತನ, ಗಂಡನ ಹೊಡೆತ ಬಡಿತಗಳ ಜೊತೆಗೆ, ಗಂಡು ಬಯಸಿದಾಗ ಹೆಣ್ಣು ಹುಟ್ಟಿದ್ದೂ ಖಿನ್ನತೆಗೆ ಕಾರಣವಾದದ್ದು ಕಂಡುಬಂತು. ನಿಮ್ಮ ಬೀಗರು ಏನಾದರೂ ಅಂದರೆಂದು ನೀವು ಬರೆದಿಲ್ಲ. ತೊಟ್ಟಿಲಿನ ಮುಂದೆ ನಿಂತು ‘ಇರಲಿ ಬಿಡು, ಮುಂದಿನದು ಗಂಡಾಗಲಿ’ ಎಂದು ಹರಸುವವರು ಮಾತ್ರ ಎಲ್ಲ ಮನೆಗೂ ಬರುತ್ತಾರೆ. ಹಾಗೆ ಹರಸಿದವರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಹೊರಡುತ್ತಾರೆ, ಮಾತು ಮಾತ್ರ ಬಾಣಂತಿಯ ಕೋಣೆಯಲ್ಲಿ ಉಳಿದುಬಿಡುತ್ತದೆ.

ಈಗ ನಿಮ್ಮ ತಪ್ಪಿನ ಪ್ರಶ್ನೆ. ಬಾಣಂತನ ಎಂಬುದು ನಮ್ಮ ಹಿರಿಯರು ಕಟ್ಟಿಕೊಟ್ಟ ದೊಡ್ಡ ಆಸರೆ. ತಿಂಗಳುಗಟ್ಟಲೆ ಹೆತ್ತವಳಿಗೆ ಅಡುಗೆ, ನೀರು, ಬಟ್ಟೆಗಳ ಚಿಂತೆಯಿಲ್ಲದಂತೆ ನೋಡಿಕೊಳ್ಳುವ ಪದ್ಧತಿ ಎಲ್ಲ ಸಮಾಜಗಳಲ್ಲೂ ಇಲ್ಲ. ದೂರದೇಶದಲ್ಲಿ ಗಂಡ ಹೆಂಡತಿ ಇಬ್ಬರೇ ಮಗು ಸಾಕುತ್ತಿರುವ ನಮ್ಮ ಹೆಣ್ಣುಮಕ್ಕಳು ಅಮ್ಮನ ವೀಸಾಗೆ ಚಾತಕದಂತೆ ಕಾಯುವುದನ್ನು ನಾನು ನೋಡಿದ್ದೇನೆ. ನೀವು ಮಾಡಿದ್ದರಲ್ಲಿ ಕೊರತೆಯಿಲ್ಲ. ಆದರೆ ಬಾಣಂತನ ಹುಟ್ಟಿದ್ದು ಹಸಿ ಮೈಯನ್ನು ಕಾಯಲು. ಮನಸ್ಸು ಅದರ ಲೆಕ್ಕದಲ್ಲಿ ಬಂದಿದ್ದು ಕಡಿಮೆ. ಕೆಲವು ವರ್ಷಗಳ ಹಿಂದೆ ತಲೆನೋವು ಎಂದು ನನ್ನ ಬಳಿ ಚಿಕಿತ್ಸೆಗೆ ಬಂದ ಬಾಣಂತಿಯೊಬ್ಬಳ ಎಲ್ಲ ಪ್ರಶ್ನೆಗಳಿಗೂ ಜೊತೆಗಿದ್ದ ಹಿರಿಯರೇ ಉತ್ತರ ಹೇಳುತ್ತಿದ್ದರು. ಅವರನ್ನು ಹೊರಗೆ ಕೂರಿಸಿ ಕೇಳಿದಾಗ ಅವಳು ಹೇಳಿದ್ದು ಇಷ್ಟು: ‘ಮಗು ಅತ್ತರೆ ತಂದು ಮಡಿಲಿಗೆ ಹಾಕ್ತಾರೆ, ಕುಡಿದಾದ ಮೇಲೆ ಎತ್ತಿಕೊಂಡು ಹೋಗ್ತಾರೆ. ನಾನು ಆ ಮನೆಯ ಹಸು, ಮೇಡಂ.’ ಅದು ಕೂಡ ಏನೂ ಕಡಿಮೆ ಮಾಡದ ಮನೆಯೇ ಆಗಿತ್ತು. ‘ಹಾಲು ಕುಡಿಸುವುದು ಬಿಟ್ಟರೆ ಒಂದು ಕೆಲಸವೂ ಇಲ್ಲ’ ಎಂಬ ನಿಮ್ಮ ಸಾಲನ್ನು ಓದಿದಾಗ ನನಗೆ ಅವಳ ನೆನಪಾಯಿತು.

ಆದ್ದರಿಂದ ಒಂದೆರಡು ಬದಲಾವಣೆ ಮಾಡಿ ನೋಡಿ. ಮೊದಲನೆಯದು ನಿದ್ದೆ, ಏಕೆಂದರೆ ಮನೆಯವರು ಕೊಡಬಹುದಾದ ಔಷಧಿಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ರಾತ್ರಿ ಒಂಬತ್ತೂವರೆಗೆ ಮಗಳು ಹಾಲು ಕುಡಿಸಿ ಬೇರೆ ಕೋಣೆಯಲ್ಲಿ ಮಲಗಲಿ. ಎರಡು ಗಂಟೆಯವರೆಗೆ ಮಗು ನಿಮ್ಮ ಅಥವಾ ಮನೆಯ ಬೇರೆಯವರ ಪಕ್ಕದಲ್ಲಿರಲಿ, ನಡುವೆ ಎದ್ದರೆ ಮೊದಲೇ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸಿ. ಹಿಂಡಿದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್ಜಿನಲ್ಲಿ ಇನ್ನೂ ಹೆಚ್ಚು ಕಾಲ ಇಡಬಹುದು. ಇದರಲ್ಲಿ ಒಂದು ತೊಡಕುಂಟು: ರಾತ್ರಿ ಹಾಲೂಡಿಸುವುದನ್ನು ಪೂರ್ತಿ ತಪ್ಪಿಸಿದರೆ ಎದೆ ಕಟ್ಟಿಕೊಳ್ಳುತ್ತದೆ, ದಿನ ಕಳೆದಂತೆ ಹಾಲೂ ಕಡಿಮೆಯಾಗುತ್ತದೆ, ಹಾಗಾಗಿ ಒಂದು ಹೊತ್ತನ್ನು ಮಾತ್ರ ತಪ್ಪಿಸಿ. ಹಾಸಿಗೆಯಲ್ಲಿ ಬಿದ್ದುಕೊಂಡರೂ ನಿದ್ದೆಯೇ ಹತ್ತುತ್ತಿಲ್ಲ ಎಂದಾದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಎರಡನೆಯದಾಗಿ, ಮಗುವನ್ನು ಎರೆಯುವಾಗ ಅಜ್ಜಿಯ ಪಕ್ಕದಲ್ಲಿ ಮಗಳೂ ಕೂರಲಿ, ಸೋಪು ಹಚ್ಚುವುದೋ ಬಟ್ಟೆ ಸುತ್ತುವುದೋ ಅವಳ ಪಾಲಿಗೆ ಬರಲಿ. ಆ ದಿನ ಮೈ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ. ಅವಳು ತಪ್ಪಾಗಿ ಎತ್ತಿಕೊಂಡರೆ ಕೈಯಿಂದ ಕಿತ್ತುಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ತಲೆಗೆ ಆಸರೆ ಇದ್ದರೆ ಸಾಕು, ಉಳಿದದ್ದು ಕಲಿತುಕೊಳ್ಳುತ್ತಾಳೆ. ಕತ್ತಲೆ ಕೋಣೆ, ಮೊಬೈಲು ಕೊಡಬಾರದು, ಗೆಳತಿಯರು ಬರಬಾರದು ಎಂಬ ಕಟ್ಟುಪಾಡುಗಳು ನಿಮ್ಮ ಮನೆಯಲ್ಲಿದ್ದರೆ ಸಡಿಲಿಸಿ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಅರ್ಧ ಗಂಟೆ ಕೂರಲು ಬಿಡಿ. ಎಣ್ಣೆನೀರು ಮೈಗೆ ಹಿತವೆನಿಸಿದರೆ ಮುಂದುವರಿಯಲಿ. ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತದೆ ಎಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ಪಥ್ಯವನ್ನು ಮಾತ್ರ ನಾನು ಒಪ್ಪಲಾರೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಸ್ವಭಾವದ್ದಾಗಿರುತ್ತದೆ. ದೇಹದಲ್ಲಿ ನೀರೂ ಕಡಿಮೆಯಾದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ವಿಪರೀತ ತಲೆನೋವು, ವಾಂತಿ, ಫಿಟ್ಸ್ ಬರುವ ಅಪಾಯವಿದೆ.

ಗುಳಿಗೆಯ ಬಗ್ಗೆ ನಿಮ್ಮ ಭಯ ಸಹಜ. ಖಿನ್ನತೆ ಹಗುರವಾಗಿದ್ದರೆ ಗುಳಿಗೆಯಿಲ್ಲದೆ ಆಪ್ತಸಮಾಲೋಚನೆಯಿಂದಲೇ ಗುಣವಾಗುವುದುಂಟು. ಮಾತಿನಿಂದ ಏನಾದೀತು ಎನ್ನುವವರಿಗೆ ನಾನು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳ ಉದಾಹರಣೆ ಕೊಡುತ್ತೇನೆ. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಬಸುರಿಯರ ಮನೆಗಳಿಗೆ ಕಳಿಸಿ, ಮನೆಯವರನ್ನೂ ಸೇರಿಸಿಕೊಂಡು ಮಾತುಕತೆ ನಡೆಸಿದರು. ಮಗುವಿಗೆ ಆರು ತಿಂಗಳಾದಾಗ ಹೀಗೆ ಮಾತುಕತೆ ಸಿಕ್ಕ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ, ಸಿಗದವರಲ್ಲಿ 53 ಮಂದಿಗೆ ಖಿನ್ನತೆ ಉಳಿದಿತ್ತೆಂದು 2008ರಲ್ಲಿ ಪ್ರಕಟಿಸಿದರು. ಆದರೆ ನಿದ್ದೆ ಕೆಟ್ಟು, ಬದುಕೇ ಬೇಡವೆನ್ನುವ ಮಟ್ಟಕ್ಕೆ ಹೋದಾಗ ಮಾತಿನ ಜೊತೆ ಗುಳಿಗೆಯೂ ಬೇಕಾಗುತ್ತದೆ. ಹಾಲೂಡಿಸುವ ತಾಯಂದಿರಿಗೆ ನಾವು ಹೆಚ್ಚಾಗಿ ಬರೆಯುವುದು ಸರ್ಟ್ರಾಲಿನ್. ಹಾಲಿನ ಮೂಲಕ ಮಗುವನ್ನು ಸೇರುವ ಅದರ ಪ್ರಮಾಣ ತೀರಾ ಕಡಿಮೆ, ಹಾಲು ಬಿಡಿಸಬೇಕಾಗಿಲ್ಲ. ಮೊದಲ ವಾರ ಓಕರಿಕೆ, ಭೇದಿ, ಸ್ವಲ್ಪ ಚಡಪಡಿಕೆ ಇರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ನಗುಮುಖ ಕಂಡ ಕೂಡಲೇ ಗುಳಿಗೆ ನಿಲ್ಲಿಸಿ, ಎರಡು ತಿಂಗಳಲ್ಲಿ ಮತ್ತೆ ಅಳುತ್ತಾ ಬರುವವರು ನಮ್ಮಲ್ಲಿ ಬಹಳ. ಎಲ್ಲ ಗುಳಿಗೆಯೂ ಹೀಗೆ ನಿರಪಾಯವಲ್ಲ. ನಿದ್ದೆಗೆಂದು ಕೊಡುವ ಕೆಲವು ಗುಳಿಗೆಗಳಿಂದ ತಾಯಿಗೂ ಮಗುವಿಗೂ ಮಂಪರು ಬರುತ್ತದೆ. ಅದನ್ನು ತೆಗೆದುಕೊಂಡ ರಾತ್ರಿ ಮಗು ಅವಳ ಹಾಸಿಗೆಯಲ್ಲಿ ಮಲಗಬಾರದು. ಅವಳಿಗೆ ಹಿಂದೆ ಎಂದಾದರೂ ವಾರಗಟ್ಟಲೆ ನಿದ್ದೆಯಿಲ್ಲದ ಅತಿ ಉತ್ಸಾಹ ಬಂದಿತ್ತೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅಂಥದ್ದು ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ, ಏಕೆಂದರೆ ಅಂಥವರಿಗೆ ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ತಿರುಗಿ ಹೊಡೆಯಬಹುದು. ಚಿಕಿತ್ಸೆಯೇ ಬೇಡ ಎಂಬ ದಾರಿಯಲ್ಲೂ ಅಪಾಯವಿದೆ: ಖಿನ್ನತೆ ವರ್ಷದವರೆಗೆ ಎಳೆಯಬಹುದು, ಹಾಲೂಡಿಕೆ ಬೇಗ ನಿಲ್ಲಬಹುದು, ಮಗುವಿನ ಬೆಳವಣಿಗೆಯೂ ಹಿಂದೆ ಬೀಳಬಹುದು.

ತಾಯತದ ಬಗ್ಗೆ ನನಗೆ ತಕರಾರಿಲ್ಲ. ಅದು ಇರುವ ತೋಳಿಗೇ ವೈದ್ಯರು ಬಿ.ಪಿ. ಪಟ್ಟಿ ಕಟ್ಟುತ್ತಾರೆ, ಎರಡಕ್ಕೂ ಜಾಗವಿದೆ. ಉಪವಾಸ, ಹೊಗೆ, ಹೊಡೆತಗಳಿರುವ ಕಡೆಗೆ ಮಾತ್ರ ಕರೆದುಕೊಂಡು ಹೋಗಬೇಡಿ.

ಬೀಗರಿಗೆ ಹೇಳುವ ವಿಷಯದಲ್ಲಿ ನಿಮ್ಮ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ. ‘ಹುಚ್ಚು ಹಿಡಿದವಳನ್ನು ಕಟ್ಟಿದರು’ ಎಂಬ ಮಾತು ಬಂದು ಸಂಸಾರಗಳು ಒಡೆದದ್ದು ನನ್ನ ಕಣ್ಣೆದುರಿಗಿದೆ. ಆದರೂ ಅಳಿಯನಿಂದ ಮುಚ್ಚಿಡುವುದು ಸರಿಯಲ್ಲ, ಹೆಚ್ಚು ದಿನ ಸಾಧ್ಯವೂ ಇಲ್ಲ. ಮೊದಲು ಮಗಳನ್ನು ಕೇಳಿ. ಅವಳು ಒಪ್ಪಿದರೆ ಅಳಿಯನಿಗೆ ಅವಳೇ ಹೇಳಲಿ, ಅಥವಾ ಅವಳ ಎದುರಿನಲ್ಲಿ ನೀವು ಹೇಳಿ. ಭಾನುವಾರದ ಅತಿಥಿಯಾಗಿ ಬಂದು ಮಗುವಿನ ಫೋಟೋ ತೆಗೆದುಕೊಂಡು ಹೋಗುವ ಎಷ್ಟೋ ಗಂಡಂದಿರಿಗೆ ತಾವೇನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. ಶನಿವಾರ ರಾತ್ರಿಯೇ ಬಂದು ಆ ಒಂದು ರಾತ್ರಿ ಮಗುವನ್ನು ಅವರು ನೋಡಿಕೊಳ್ಳಲಿ, ವೈದ್ಯರ ಎರಡನೆಯ ಭೇಟಿಗಾದರೂ ಅವರು ಜೊತೆಗಿರಲಿ. ಬೀಗರಿಗೆ ಏನು, ಎಷ್ಟು, ಯಾವಾಗ ಹೇಳುವುದೆಂಬುದನ್ನು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಲಿ. ‘ಹೆರಿಗೆಯ ನಂತರದ ಸುಸ್ತು, ಚಿಕಿತ್ಸೆ ನಡೆಯುತ್ತಿದೆ’ ಎಂದರೆ ಅದು ಸುಳ್ಳಲ್ಲ.

ಐದನೇ ತಿಂಗಳ ದಿನ ನೋಡುವಾಗ ಮಗಳನ್ನು ಯಾರಾದರೂ ಕೇಳಿದ್ದರೇ? ಕಾನೂನಿನ ಪ್ರಕಾರ ಅವಳಿಗೆ 26 ವಾರಗಳ ಹೆರಿಗೆ ರಜೆ ಇರಬಹುದು. ರಜೆ ಮುಗಿಯುವುದು, ಗಂಡನ ಮನೆಗೆ ಹೋಗುವುದು, ಮಗುವನ್ನು ಯಾರ ಬಳಿ ಬಿಡುವುದು, ಮೂರೂ ಹೆಚ್ಚುಕಡಿಮೆ ಒಟ್ಟಿಗೆ ಬಂದು ಎದುರು ನಿಂತಿವೆ. ರಾತ್ರಿ ಕಣ್ಣು ಬಿಟ್ಟುಕೊಂಡು ಅವಳು ಎಣಿಸುತ್ತಿರುವುದು ಇದನ್ನೂ ಇರಬಹುದು. ಚಿಕಿತ್ಸೆ ಶುರುವಾದ ಮೊದಲ ಒಂದೆರಡು ತಿಂಗಳು ಅವಳಾಗಿ ಬಯಸದ ಹೊರತು ಮನೆ ಬದಲಾಯಿಸುವುದು ಬೇಡ.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಅವರು ಎಡಿನ್‌ಬರೋ ಮಾಪನ ಎಂಬ ಖಿನ್ನತೆ ಅಳೆಯುವ ಹತ್ತು ಪ್ರಶ್ನೆಗಳ ಹಾಳೆ ಕೊಡಬಹುದು, ಅದು ಕನ್ನಡದಲ್ಲೂ ಇದೆ. ಒಳರೋಗಿಯಾಗಿ ಸೇರಬೇಕಾಗಿ ಬಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಪ್ರತ್ಯೇಕ ಘಟಕವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ನೆಪದಲ್ಲಿ ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಒಂಬತ್ತು ವಾರಗಳಿಂದ ನೀವು ಎಷ್ಟು ಗಂಟೆ ಮಲಗಿದ್ದೀರಿ ಎಂದು ಪತ್ರದಲ್ಲಿ ಬರೆದಿಲ್ಲ. ಮಗಳನ್ನು ವೈದ್ಯರಿಗೆ ತೋರಿಸುವ ದಿನವೇ ನಿಮ್ಮ ಬಿ.ಪಿ.ಯನ್ನೂ ನೋಡಿಸಿ. ಹೋಗುವಾಗ ತಾಯಿ ಕಾರ್ಡು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಈಗ ಕೊಡುತ್ತಿರುವ ಲೇಹ್ಯ ಕಷಾಯಗಳ ಹೆಸರು ಇರಲಿ. ವೈದ್ಯರು ಮಗಳನ್ನು ಪ್ರಶ್ನೆ ಕೇಳಿದಾಗ ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿರುತ್ತದೆ, ತಡೆದುಕೊಳ್ಳಿ. ಬಾಯಿ ತೆರೆಯಲು ಅವಳಿಗೆ ಎರಡು ನಿಮಿಷ ಹಿಡಿದರೂ ಅವಳೇ ಹೇಳಲಿ. ಹೊರಗೆ ಕೂರಿ ಎಂದರೆ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿ, ಹಾಲಿನ ಹೊತ್ತಾದರೆ ಒಳಗೆ ತಂದುಕೊಡಿ.